ತಂತಿಬೇಲಿಯ ಆಚೆಯ ಮಡಹಾಗಲ

ಮಡಹಾಗಲದ ಗಡ್ಡೆ ಅಗೆಯಲು ನಾವು ಗುಡ್ಡ ಹತ್ತಿದ ದಿನ ಕೆಳಗೆ ಆಗಲೇ ಜೆಸಿಬಿ ಬಂದು ನಿಂತಿತ್ತು. ಹಟ್ಟಿಯ ಮುದುಕಿ ಆಯಿಯ ಮಕ್ಕಳು ತಮ್ಮ ಆ ಇಳಿಜಾರನ್ನು ಸಮ ಮಾಡಿಸಿ, ಹೊಳೆಯಿಂದ ಪೈಪ್ ಎಳೆದು ಕಬ್ಬು ಹಾಕುವವರಿದ್ದರು. ಸುತ್ತಮುತ್ತ ಎಲ್ಲರೂ ಹಾಕಿದ್ದಾರೆ, ಅವರಷ್ಟೇ ಯಾಕೆ ಬಿಡಬೇಕು? ಆಯಿ ಬೇಡ ಎನ್ನಲಿಲ್ಲ. ಕವಳಿ ಕಂಟಿ, ಬಾರಿ ಕಂಟಿ ಎಂಬ ಮುಳ್ಳುಪೊದೆಗಳ ಬುಡದಲ್ಲಿದ್ದ ಗಡ್ಡೆಗಳನ್ನು ತೆಗೆದ ಮೇಲೆ ಮಷೀನು ಹಚ್ಚಿರಿ ಎಂದಷ್ಟೇ ಹೇಳಿದ್ದಳು.

ನಾನು ನಿಪ್ಪಾಣಿ–ಚಿಕ್ಕೋಡಿ ರಸ್ತೆಯ ಒಂದು ಹಳ್ಳಿಯಲ್ಲಿ, ಸರ್ಕಾರಿ ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಕೈತೋಟದ ತಾಸೂ ನನ್ನದೇ. ಅದೇ ಕಂಪೌಂಡಿನಲ್ಲಿ ಮರಾಠಿ ಶಾಲೆಯೂ ಇದೆ. ನೀರಿನ ಟಾಕಿ ಒಂದೇ, ಬಿಸಿಯೂಟದ ಕೋಣೆ ಒಂದೇ. ತೋಟಗಳು ಮಾತ್ರ ಎರಡು, ನಡುವೆ ತಂತಿಬೇಲಿ. ಆಚೆಯ ತೋಟ ಮರಾಠಿ ಶಾಲೆಯ ಬಾಯಿಯವರದು, ಅಲ್ಲಿ ಟೀಚರನ್ನು ಬಾಯಿ ಎನ್ನುತ್ತಾರೆ. ಅವರು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಸದಾ ನಗುಮುಖ. ಅವರ ಆ ನಗುವನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಆಯಿ ಗುಡ್ಡದ ಬುಡದ ಕುರುಬರ ಹಟ್ಟಿಯ ಹಿರಿಯಳು. ಅವಳನ್ನು ಶಾಲೆಗೆ ಕರೆತಂದವಳು ನಾನು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಮರೆತರು. ಮಕ್ಕಳಿಗೆ ಪಠ್ಯದ ಗಿಡಗಳು ಗೊತ್ತಿದ್ದವು, ಊರ ಗುಡ್ಡದ ಗಿಡಗಳು ಗೊತ್ತಿರಲಿಲ್ಲ. ಆ ಗುಡ್ಡವನ್ನು ತಲೆತಲಾಂತರದಿಂದ ನೋಡಿಕೊಂಡು ಬಂದವರ ಬಾಯಿಂದಲೇ ಅವರು ಕಲಿಯಲಿ ಎಂದು ನಾನು ಎಷ್ಟೋ ಸಂಜೆ ಹಟ್ಟಿಗೆ ಅಲೆದೆ. ಕೊನೆಗೆ ಆಯಿ ಶನಿವಾರ ಬರಲು ಒಪ್ಪಿದಳು. ಮೊದಲ ತಾಸಿನಲ್ಲಿ ಅವಳು ಒಂದು ಗಿಡದ ಹೆಸರನ್ನೂ ಹೇಳಲಿಲ್ಲ. ಮಕ್ಕಳನ್ನು ಬೇಲಿಯ ಕಂಟಿಯ ಮುಂದೆ ಕೂರಿಸಿ, "ಇದರ ಮನ್ಯಾಗ ಯಾರ್ಯಾರು ಅದಾರ, ನೋಡಿ ಹೇಳ್ರಿ" ಎಂದಳು. ಮಕ್ಕಳು ಇರುವೆ, ಓತಿಕ್ಯಾತ, ಜೇಡ, ಹಬ್ಬಿದ ಬಳ್ಳಿ, ಗೂಡಿನ ಗುಬ್ಬಿ ಎಲ್ಲವನ್ನೂ ಹೇಳಿದರು. "ಇಷ್ಟು ಮಂದಿ ಇರೂ ಮನಿ ಇದು. ಕೇಳದ ಕೈ ಹಚ್ಚಬ್ಯಾಡ್ರಿ" ಎಂದಳು. ಅಷ್ಟೇ ಪಾಠ. ನಾನು ಹಿಂದೆ ನಿಂತು ಬೀಗಿದೆ.

ಆ ಬೀಗುವಿಕೆ ಬಹಳ ದಿನ ಉಳಿಯಲಿಲ್ಲ. ನನ್ನ ತಾಸು ಮುಗಿಸಿ ಹೊರಟ ಆಯಿಯನ್ನು ಬಾಯಿಯವರು ಚಹಾಕ್ಕೆ ಕರೆದರು. ಆಯಿಯ ತವರು ಕಾಗಲ್ ಕಡೆ, ಬಾಯಿಯವರ ತವರೂ ಅಲ್ಲೇ ಹತ್ತಿರ. ಇಬ್ಬರೂ ಮರಾಠಿಯಲ್ಲಿ ಹರಟೆಗೆ ಕೂತರೆ ಆಯಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ನನ್ನ ಮುಂದೆ ಒಮ್ಮೆಯೂ ಹಾಗೆ ನಕ್ಕವಳಲ್ಲ. ನನ್ನನ್ನು ಕರೆಯುವುದು "ಟೀಚರ" ಎಂದು, ಬಾಯಿಯವರನ್ನು "ಪೋರಿ", ಅಂದರೆ ಹುಡುಗಿ ಎಂದು. ನಾನು ಹುಡುಕಿ ತಂದ ಆಯಿ ಅವರ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ನನ್ನ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಹೆಸರು ಕೊಡುವುದರಲ್ಲಿ ಅರ್ಥವಿಲ್ಲ.

ಗುಡ್ಡ ಹತ್ತಿದ ದಿನವೂ ಹಾಗೆಯೇ ಆಯಿತು. ನಾನು ಬುಟ್ಟಿ ಹಿಡಿದು ಬಂದರೆ ಬಾಯಿಯವರೂ ಬುಟ್ಟಿ ಹಿಡಿದು ನಿಂತಿದ್ದರು. ಆಯಿಯೇ ಬರಹೇಳಿದ್ದಳಂತೆ. ಅವಳು ಸೊಂಟದ ಚೀಲದಿಂದ ಭಂಡಾರ ತೆಗೆದಳು. ಭಂಡಾರವೆಂದರೆ ಅವರ ದೇವರ ಅರಿಶಿನದ ಪುಡಿ. ಪ್ರತಿ ಕಂಟಿಯ ಬುಡಕ್ಕೂ ಚಿಟಿಕೆ ಹಾಕಿ, ಏನೋ ಮೆಲ್ಲಗೆ ಹೇಳಿ, ಆಮೇಲೆಯೇ ಅಗೆಯಲು ಕುರ್ಪಿ ಹಾಕುತ್ತಿದ್ದಳು. ಒಂದೆರಡು ಕಂಟಿ ಮುಗಿದ ಮೇಲೆ ಕುರ್ಪಿ ಕೆಳಗಿಟ್ಟಳು.

"ಎಲ್ಲಾ ತೆಗಿಯೂದು ನಮ್ಮ ಹಟ್ಟಿ ರೀತಿ ಅಲ್ರಿ" ಎಂದಳು. "ಒಂದು ಪಾಲು ಗುಡ್ಡಕ್ಕ ಬಿಡಬೇಕು. ಈ ಸಲ ಬಿಟ್ರ ಮಷೀನಿನ ಬಾಯಾಗ ಹೋಗ್ತಾವು. ತೆಗೀರಿ ಎಲ್ಲಾ."

ಗಡ್ಡೆಗಳನ್ನು ತೊಳೆಯದೆ, ಗುಡ್ಡದ ಮಣ್ಣಿನ ಜೊತೆಗೇ ಎರಡು ಬುಟ್ಟಿಗೆ ಹಂಚಿದಳು. ಇಷ್ಟು ಟೀಚರಿಗೆ, ಇಷ್ಟು ಪೋರಿಗೆ. ಎಲ್ಲವೂ ನನಗೆ ಎಂದುಕೊಂಡು ಬಂದಿದ್ದ ನನಗೆ ಬುಟ್ಟಿ ಹಗುರಾಗಿ ಕಂಡಿತು. ಆಮೇಲೆ ತನ್ನ ಕರಾರು ಹೇಳಿದಳು.

"ಗಡ್ಡಿ ಕೊಟ್ಟಾಕಿ ಮದಲ ಕಾಯಿ ತಿನ್ನಬೇಕು. ಅಲ್ಲೀ ತನಕ ನೀವು ಯಾರೂ ಬಾಯಿಗೆ ಹಾಕೂ ಹಂಗಿಲ್ಲ. ಈ ಮಳಿಗಾಲದಾಗ ಕಾಯಿ ಕಾಣಲಿಲ್ಲಂದ್ರ ನಿಮ್ಮ ಮಣ್ಣು ಅವಕ್ಕ ಒಗ್ಗಲಿಲ್ಲ ಅಂತ ತಿಳಕೋತೇನಿ. ಗಡ್ಡಿ ತಿರುಗಿ ಕೊಡ್ರಿ. ಆ ಮ್ಯಾಲ ನನ್ನ ಆ ಸಾಲಿಗೆ ಕರೀಬ್ಯಾಡ್ರಿ."

"ಗುಡ್ಡನ ಇರೂದಿಲ್ಲ. ತಿರುಗಿ ಒಯ್ದು ಎಲ್ಲಿ ಹಚ್ತೀರಿ ಆಯಿ?" ಎಂದೆ.

"ಎಲ್ಲೆರ ಹಚ್ತೇನಿ. ಇಲ್ಲಾ ನನ್ನ ಕೂಡನ ಹೋಗ್ತಾವು."

ಜೂನಿನ ಮಿರಗದ ಮಳೆಗೆ ಮೊದಲು ನೆಟ್ಟೆವು. ಕೆಲಸ ಸರಳ, ಆದರೆ ಮೇಲೆ ಕೆಳಗೆ ನೋಡಿ ಮಾಡಬೇಕು. ನೀರು ನಿಲ್ಲದ ಹಾಗೆ ಮಣ್ಣನ್ನು ದಿಬ್ಬ ಮಾಡಿ, ಗಡ್ಡೆಯ ಕಣ್ಣು ಮೇಲೆ ಬರುವಂತೆ ಇಟ್ಟು, ಸುತ್ತ ಗುಡ್ಡದ ಮಣ್ಣನ್ನು ಒಂದೊಂದು ಹಿಡಿ ಹಾಕಬೇಕು. ಅದು ತವರಿನ ಮಣ್ಣು, ಅದಿಲ್ಲದೆ ಹೊಸ ಮನೆಗೆ ಹೊಂದಿಕೊಳ್ಳುವುದಿಲ್ಲ ಎಂದು ಆಯಿ ಮಕ್ಕಳಿಗೆ ಹೇಳಿದಳು. ಪಕ್ಕದಲ್ಲಿ ಒಣ ಬಾರಿ ಕಂಟಿ ನಿಲ್ಲಿಸಬೇಕು, ಬಳ್ಳಿ ಅದನ್ನು ಹಿಡಿದೇ ಏಳುತ್ತದೆ. ಭಂಡಾರ ಹಾಕಿ ಮಾತಾಡುವ ಭಾಗವನ್ನು ನಾನು ಬಿಟ್ಟೆ. ವಿಜ್ಞಾನದ ತಾಸಿನಲ್ಲಿ ಅದೆಲ್ಲ ಬೇಡವೆನಿಸಿತು. ತಂತಿಯ ಆಚೆ ಬಾಯಿಯವರು ಮಕ್ಕಳ ಕೈಯಲ್ಲಿ ಅದನ್ನೂ ಮಾಡಿಸಿದರು. ಆಯಿಯನ್ನು ಮೆಚ್ಚಿಸಲು ಮಾಡುತ್ತಿದ್ದಾರೆ ಎಂದುಕೊಂಡೆ.

ಮೊದಲ ಪೆಟ್ಟು ನೀರಿನಿಂದ ಬಿತ್ತು. ನಲ್ಲಿ ನನ್ನ ತೋಟದ ಕಡೆ ಇತ್ತು, ಅದರ ಬಗ್ಗೆ ನನಗೆ ಜಂಬವೂ ಇತ್ತು. ನಮ್ಮ ಮಕ್ಕಳೆಲ್ಲ ಕಬ್ಬಿನವರ ಮಕ್ಕಳು. ಬೆಳೆ ಎಂದರೆ ಕರೆಂಟು ಬಂದ ಕೂಡಲೇ ಓಡಿಹೋಗಿ ನೀರು ಹಾಯಿಸುವುದು ಎಂದು ತೊಟ್ಟಿಲಿನಲ್ಲೇ ಕಲಿತವರು. ನೆಟ್ಟ ಮೇಲೆ ಕೆಲವು ದಿನ ಮಳೆ ಕೈಕೊಟ್ಟಾಗ ಅವರಿಗೆ ಕೂರಲಾಗಲಿಲ್ಲ. ನಾನು ತರಬೇತಿಗೆಂದು ಮನೆಯಿರುವ ಚಿಕ್ಕೋಡಿಯಲ್ಲೇ ಉಳಿದ ದಿನ ಪೈಪ್ ಹಚ್ಚಿ, ದಿಬ್ಬ ಒಡೆದು, ಕಬ್ಬಿನ ಸಾಲಿಗೆ ಬಿಡುವಂತೆ ನೀರು ಬಿಟ್ಟಿದ್ದರು. ಪಾಳಿ ಹಚ್ಚಿಕೊಂಡು ಬಿಟ್ಟಿದ್ದರು, ಅದನ್ನು ಹೆಮ್ಮೆಯಿಂದ ನನಗೆ ವರದಿಯನ್ನೂ ಮಾಡಿದರು. ವಾರ ಕಳೆಯುವುದರಲ್ಲಿ ಅರ್ಧದಷ್ಟು ಗಡ್ಡೆ ಕೊಳೆತು ನಾರಿದವು. ಆಚೆ ಕಡೆ ನಲ್ಲಿ ಇರಲಿಲ್ಲ, ಅದಕ್ಕೇ ಅಲ್ಲಿ ಎಲ್ಲವೂ ಬದುಕಿದವು.

ನಮ್ಮ ಹೆಡ್ ಮಾಸ್ತರರು ತಂತಿಯ ಬಳಿ ನಿಂತು, "ಟೀಚರ್, ನಮ್ಮ ಕಡೆ ನಲ್ಲಿ ಐತಿ, ಬೋರ್ಡ್ ಐತಿ, ವಿಜ್ಞಾನದವರು ಅದೀರಿ. ಬಳ್ಳಿ ಅಷ್ಟ ಅವರ ಕಡೆ ಐತಿ" ಎಂದರು. ಚೇಷ್ಟೆಯ ಮನುಷ್ಯ, ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಉಳಿದ ಗಡ್ಡೆಗಳು ಮಳೆ ಹಿಡಿದ ಮೇಲೆ ಚಿಗುರಿ ಕಂಟಿಗೆ ಹಬ್ಬಿದವು. ಆದರೆ ಹೂ ಮೊದಲು ಬಂದದ್ದು ಬಾಯಿಯವರ ಕಡೆ. ಶ್ರಾವಣದ ಹೊತ್ತಿಗೆ ಅವರ ಬೇಲಿ ತುಂಬ ತಿಳಿಹಳದಿ ಹೂ. ಮಡಹಾಗಲ ಸಂಜೆ ಅರಳುತ್ತದೆ, ಶಾಲೆ ಬಿಟ್ಟ ಮೇಲೂ ನನ್ನ ಮಕ್ಕಳು ತಂತಿ ಹಿಡಿದು ಆಚೆಯ ಹೂ ನೋಡುತ್ತ ನಿಲ್ಲುತ್ತಿದ್ದರು. ಆಯಿ ಶನಿವಾರ ಬಂದು, "ಪೋರಿ ಕೈಗುಣ ಚಲೋ ಐತಿ" ಎಂದಳು. ಆ ಮಾತು ನನ್ನ ತೋಟದಲ್ಲಿ ನಿಂತು, ನನ್ನ ಮಕ್ಕಳ ಎದುರಿಗೆ ಆಡಿದ್ದು. ಒಳ್ಳೆಯ ಗಡ್ಡೆಗಳನ್ನೆಲ್ಲ ಆರಿಸಿ ಅವರಿಗೇ ಕೊಟ್ಟಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಸ್ವಲ್ಪ ದಿನಕ್ಕೆ ನನ್ನ ಬಳ್ಳಿಗಳೂ ಹೂ ಬಿಟ್ಟವು. ಕಡಿಮೆ ಹೂ, ಆದರೆ ಪ್ರತಿ ಹೂವಿನ ಹಿಂದೆ ಸಣ್ಣ ಮುಳ್ಳುಮುಳ್ಳಾದ ಗುಂಡು ಮಣಿ. ಅದೇ ಕಾಯಿಯಾಗುವುದು. ಮಕ್ಕಳು ಕುಣಿದರು. ಮೂರ್ನಾಲ್ಕು ದಿನದಲ್ಲಿ ಮಣಿಗಳು ಹಳದಿಯಾಗಿ ಉದುರಿದವು. ಮತ್ತೆ ಬಂದವು, ಮತ್ತೆ ಉದುರಿದವು. ನಾನು ದಿನದ ಬಸ್ಸು ಬಿಟ್ಟು ಒಂದು ಸಂಜೆ ಉಳಿದೆ. ಅರಳಿದ ಹೂ ಕಿತ್ತು, ಎಸಳು ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿದೆ. ಪರಾಗದ ಪುಡಿಯೇ ಇಲ್ಲ. ಎಲ್ಲ ಬಳ್ಳಿಗಳನ್ನೂ ನೋಡಿದೆ, ಎಲ್ಲವೂ ಹೆಣ್ಣು. ತಂತಿಯೊಳಗೆ ಕೈ ತೂರಿಸಿ ಬಾಯಿಯವರ ಬಳ್ಳಿಯ ಹೂ ಕಿತ್ತೆ. ಹಿಂದೆ ಮಣಿ ಇಲ್ಲ, ಬೆರಳಿಗೆ ಹಳದಿ ಪುಡಿ ಹತ್ತಿತು. ಬೇಲಿಯುದ್ದಕ್ಕೂ ಇಣುಕಿದೆ, ಎಲ್ಲವೂ ಗಂಡು. ಪುಡಿಯನ್ನು ಹೊತ್ತು ದಾಟಿಸುವ ಪತಂಗಗಳು ಮಾತ್ರ ಒಂದೂ ಕಾಣಲಿಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಎಂದು ಪ್ರತಿ ವರ್ಷ ಪಪ್ಪಾಯಿ ತೋರಿಸಿ ನಾನೇ ಕಲಿಸುವ ಪಾಠ.

ಆಗ ಆದ ಸಂತೋಷವನ್ನು ಏನೆಂದು ಹೇಳಲಿ? ನನ್ನ ಬಳ್ಳಿಯ ರೋಗಕ್ಕೆ ಮದ್ದು ಸಿಕ್ಕಿತೆಂಬ ಸಂತೋಷವಲ್ಲ ಅದು. ಆ ಬೇಲಿ ತುಂಬ ಅರಳಿದ್ದ ಹೂಗಳಲ್ಲಿ ಒಂದೂ ಕಾಯಿ ಕಟ್ಟುವುದಿಲ್ಲ ಎಂಬ ಸಂತೋಷ. ಬಸ್ಸಿನಲ್ಲಿ ಜಾಗ ಸಿಗದಿದ್ದರೂ ಚಿಕ್ಕೋಡಿಯವರೆಗೆ ಒಳಗೊಳಗೇ ನಗುತ್ತ ನಿಂತು ಹೋದೆ.

ಮರುದಿನದಿಂದ ಕೆಲಸ ಶುರು ಮಾಡಿದೆ. ಬಾಯಿಯವರು ಶಾಲೆ ಬಿಟ್ಟ ಕೂಡಲೇ ನಿಪ್ಪಾಣಿಯ ಬಸ್ಸು ಹಿಡಿಯುತ್ತಿದ್ದರು. ಹೊತ್ತು ಇಳಿದು ಹೂ ಬಿರಿಯುತ್ತಿದ್ದಂತೆ ತಂತಿಯ ಆಚೆಯಿಂದ ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳನ್ನು ಹಿಂದಕ್ಕೆ ಮಡಚಿ, ಅದರ ಪುಡಿಯನ್ನು ನನ್ನ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಮುಟ್ಟಿಸುತ್ತಿದ್ದೆ. ಮುಟ್ಟಿಸಿದ ಹೂವಿನ ತೊಟ್ಟಿಗೆ ಗುರುತಿಗೆ ನೂಲು. ನೂಲು ಕಟ್ಟಿದ ಮಣಿಗಳು ಉದುರಲಿಲ್ಲ, ಹಸಿರಾಗಿಯೇ ಉಬ್ಬಿದವು. ಮಕ್ಕಳಿಗೂ ಇದನ್ನು ಹೇಳಲಿಲ್ಲ. ಕಲಿಸಲೆಂದೇ ಮಾಡಿದ ತೋಟದಲ್ಲಿ ಇದೊಂದು ಪಾಠವನ್ನು ಮುಚ್ಚಿಟ್ಟುಕೊಂಡೆ.

ಆ ಶನಿವಾರ ಆಯಿ ನನ್ನ ಬಳ್ಳಿಯ ಎಳೆಗಾಯಿಗಳನ್ನು ಬಗ್ಗಿ ನೋಡಿದಳು. "ಬರೂ ವಾರ ತಿನ್ನಾಕ ಬರ್ತಾವು" ಎಂದು ಮೊದಲ ಸಲ ನನ್ನ ಬೆನ್ನು ತಟ್ಟಿದಳು. ಆಮೇಲೆ ಆಚೆ ಹೋಗಿ, ಬಳ್ಳಿಗಳನ್ನು ಎತ್ತಿ ಎತ್ತಿ ನೋಡಿ, "ಪೋರಿ, ನಿನ್ನ ಮಣ್ಣು ಒಗ್ಗಲಿಲ್ಲ ಕಾಣ್ತೈತಿ" ಎಂದಳು. ಬಾಯಿಯವರ ಮುಖದಲ್ಲಿ ನಗು ಇರಲಿಲ್ಲ. ನಾನು ನೋಡಬೇಕೆಂದು ಎಷ್ಟೋ ದಿನದಿಂದ ಕಾದಿದ್ದ ಮುಖ ಅದು.

ವಾರದ ನಡುವೆ ಬಿಸಿಯೂಟದ ಕೋಣೆಯಲ್ಲಿ ಭೇಟಿಯಾದಾಗ ಅವರೇ ಹೇಳಿದರು. "ನಮ್ಮ ಹೆಡ್ ಸರ್ ಗೊಡ್ಡು ಬಳ್ಳಿ ಕಿತ್ತು ಹಾಕಿ ಚೆಂಡು ಹೂ ಹಚ್ರಿ ಅನ್ನಾಕತ್ತಾರ್ರಿ ಟೀಚರ್. ಇಲಾಖೆ ಸಾಹೇಬರು ತೋಟ ನೋಡಾಕ ಬರೂರದಾರಂತ. ಶನಿವಾರ ತೆಗದ ಬಿಡ್ತೇನಿ."

"ಹೌದ್ರಿ?" ಎಂದೆ, ಅಷ್ಟೇ. ಆದರೆ ತಲೆಯೊಳಗೆ ಲೆಕ್ಕ ನಡೆದಿತ್ತು. ಕಿತ್ತ ಗಡ್ಡೆಗಳನ್ನು ತಿಪ್ಪೆಗೆ ಹಾಕುತ್ತಾರೆ. ನಾನು ಆರಿಸಿಕೊಂಡು ನನ್ನ ಕಡೆ ಹುಗಿದರೆ ಗಂಡೂ ನನ್ನದು, ಹೆಣ್ಣೂ ನನ್ನದು. ಕಾಯಿ ನನ್ನಲ್ಲೇ, ಆಯಿಯೂ ನನ್ನಲ್ಲೇ. ಶನಿವಾರ ಬೆಳಿಗ್ಗೆ ಒಂದು ಬಕೆಟ್ ತಂದು ತಂತಿಯ ಪಕ್ಕ ಇಟ್ಟೆ.

ಬಾಯಿಯವರು ಬುಟ್ಟಿ ತಂದರು. ಅದೇ ಬುಟ್ಟಿ, ಗುಡ್ಡದ ಮೇಲೆ ಹಿಡಿದು ನಿಂತಿದ್ದ ಬುಟ್ಟಿ. ನಾನು ತಿಪ್ಪೆಯ ಮಾತು ಯೋಚಿಸಿದ್ದೆ, ಅವರು ಆಯಿಯ ಕರಾರು ನೆನಪಿಟ್ಟಿದ್ದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಳ್ಳಿಯ ಬುಡಕ್ಕೆ ಭಂಡಾರ ಹಾಕಿಸಿ, ಮರಾಠಿಯಲ್ಲಿ ಹೇಳಿಸಿದರು: ನಮ್ಮ ಮಣ್ಣು ನಿಮಗೆ ಒಗ್ಗಲಿಲ್ಲ, ನಿಮ್ಮನ್ನು ತವರಿಗೆ ಕಳಿಸುತ್ತೇವೆ, ಸಿಟ್ಟು ಮಾಡಬೇಡಿರಿ. ಮಕ್ಕಳು ಕೈ ಜೋಡಿಸಿ ಹೇಳಿದರು. ಆಯಿ ಕಟ್ಟೆಯ ಮೇಲೆ ಕೂತು ಕಾಲು ನೋಡಿಕೊಳ್ಳುತ್ತಿದ್ದಳು. ಮೊದಲ ಗಡ್ಡೆ ಮೇಲೆ ಬಂತು. ಆಗ ಒಬ್ಬ ಹುಡುಗಿ ಬಾಯಿಯವರನ್ನು ಕೇಳಿದಳು, ತವರಲ್ಲಿ ಈಗ ಕಬ್ಬು ಹಾಕಿದ್ದಾರಲ್ಲ, ಇವು ಎಲ್ಲಿಗೆ ಹೋಗುತ್ತವೆ?

ಉತ್ತರ ಗೊತ್ತಿದ್ದವಳು ನಾನೊಬ್ಬಳೇ, ತಂತಿಯ ಈಚೆ ಬಕೆಟ್ ಪಕ್ಕ ನಿಂತಿದ್ದೆ. ಆ ಗಡ್ಡೆಗಳು ಆಯಿಯ ಕೈ ಸೇರಿದರೆ ಹಚ್ಚಲು ಗುಡ್ಡವಿಲ್ಲದೆ ಮುಂದಿನ ಮಳೆಗಾಲಕ್ಕೆ ಇರುವುದಿಲ್ಲ. ಅವು ಹೋದರೆ ನನ್ನ ಬಳ್ಳಿಗಳು ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಆ ಗುಡ್ಡದ ಮಡಹಾಗಲ ಅಲ್ಲಿಗೆ ಮುಗಿಯುತ್ತದೆ.

ತಂತಿಗೆ ಬಾಗಿಲಿಲ್ಲ, ಬಿಸಿಯೂಟದ ಕೋಣೆ ಸುತ್ತಿಕೊಂಡು ಹೋಗಬೇಕು. ಸುತ್ತುವಾಗಲೂ ನನಗೆ ಎರಡು ಮನಸ್ಸು. ಅಲ್ಲಿ ಮುಟ್ಟಿದಾಗ ಎರಡನೆಯ ಬುಡಕ್ಕೆ ಕುರ್ಪಿ ಹಾಕುವವರಿದ್ದರು.

"ಬಾಯೋರ, ನಿಲ್ಲಸ್ರಿ" ಎಂದೆ. "ಅವು ಗೊಡ್ಡಲ್ಲ. ಗಂಡು ಬಳ್ಳಿ. ನಮ್ಮ ಕಡೆ ಇರೂವೆಲ್ಲಾ ಹೆಣ್ಣು. ನಿಮ್ಮ ಹೂವಿನಿಂದನ ನಮ್ಮ ಕಾಯಿ ಆಗ್ಯಾವು."

"ನಮ್ಮ ಹೂ ನಿಮ್ಮ ಕಡೆ ಹೆಂಗ ಬಂದ್ವು?"

"ನಾನ ಹರಕೊಂಡೇನಿ. ದಿನಾ ಸಂಜೀಕ."

ಅವರು ಕುರ್ಪಿ ಕೆಳಗಿಟ್ಟರು. ನಕ್ಕು ಹಾರಿಸಿಬಿಡುತ್ತಾರೆ ಎಂದು ನಾನು ಎಣಿಸಿದ್ದೆ. ನಗಲಿಲ್ಲ. "ಇಲ್ಲಿ ನನ್ನ ಹುಡುಗರು ಕೈ ಜೋಡಿಸಿ ಕ್ಷಮಾ ಕೇಳಾಕತ್ತಾರ" ಎಂದರು. "ನೀವು ಗೊತ್ತಿದ್ದೂ ಅಲ್ಲಿ ನಿಂತು ನೋಡಿದ್ರಿ. ಯಾಕ್ರಿ ಟೀಚರ್?"

"ಹೊಟ್ಟಿಕಿಚ್ಚು" ಎಂದೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. "ಆಯಿ ನಿಮ್ಮ ಕಟ್ಟೀ ಮ್ಯಾಲ ಕೂತು ನಗತಾಳ. ನನ್ನ ಕೂಡ ನಗೂದಿಲ್ಲ."

"ಚಹಾ ಕುಡದು ತವರಿನ ಸುದ್ದಿ ಹೇಳಕೋತಾಳ, ಅಷ್ಟ" ಎಂದರು ಅವರು, ಸಿಟ್ಟು ಇಳಿಯದ ದನಿಯಲ್ಲೇ. "ಕಲಸೂದೆಲ್ಲಾ ನಿಮ್ಮ ಕಡೆ. ನಾವು ತಂತಿ ಹಿಡದು ಕೇಳಿ ಕಲತೇವಿ."

ಹೀಗೆ ಬೈಸಿಕೊಳ್ಳುವಾಗಲೂ ಆ ಮಾತು ಕೇಳಿ ನನಗೆ ಹಿತವಾಯಿತು. ಆಯಿ ಇಬ್ಬರನ್ನೂ ನೋಡಿದಳು. ಯಾವ ಗಡ್ಡೆ ಗಂಡು, ಯಾವುದು ಹೆಣ್ಣು ಎಂದು ತನಗೂ ತಿಳಿದಿರಲಿಲ್ಲ ಎಂದಳು.

"ಗುಡ್ಡದಾಗ ಎಲ್ಲಾ ಒಂದ ಕಂಟಿಗೆ ಹಬ್ಬಿರತಿದ್ವು. ನಾ ಯಾಕ ನೋಡ್ಲಿ? ಹೂ ಅರಳೂ ಹೊತ್ತಿಗೆ ಕುರಿ ಹೊಡಕೊಂಡು ಹಟ್ಟಿಗೆ ಬರ್ತಿದ್ನಿ." ಆಮೇಲೆ ನನ್ನ ಕಡೆ ತಿರುಗಿ, "ಹುಚ್ಚವ್ವ, ಕಾಯಿ ಒಂದ ಕಡೆ, ಹೂ ಒಂದ ಕಡೆ ಇಟಗೊಂಡು ನೀವಿಬ್ರೂ ಏನ್ ಸಾಲಿ ಕಲಸ್ತೀರಿ? ಅಗದ ಕುಣಿ ಮುಚ್ಚು ಮದಲ" ಎಂದಳು.

ಮುಚ್ಚಿದೆವು. ನನ್ನ ಕಡೆಯ ಕಾಯಿ ಕಿತ್ತು, ಬಿಸಿಯೂಟದ ಕೋಣೆಯಲ್ಲಿ ಉಪ್ಪು ಖಾರ ಹಾಕಿ ಹುರಿದು ಆಯಿಗೆ ಬಡಿಸಿದೆವು. ಅವಳು ರೊಟ್ಟಿಯ ಜೊತೆ ಅವಸರವಿಲ್ಲದೆ ತಿಂದಳು, ನಾವು ಎರಡೂ ಶಾಲೆಯವರು ಸುತ್ತ ನಿಂತು ಅವಳ ಬಾಯಿ ನೋಡಿದೆವು. ಕೊನೆಗೆ ಕೈ ತೊಳೆದು, "ಒಗ್ಗೇತಿ" ಎಂದಳು. ಮುಂದಿನ ಶನಿವಾರ ಕರೆಯದೆಯೇ ಬಂದಳು.

ಅಂದಿನಿಂದ ಊರೊಳಗಿನ ಮಕ್ಕಳು ಸಂಜೆ ಬಂದು ಹೂ ಮುಟ್ಟಿಸುವ ಕೆಲಸ ವಹಿಸಿಕೊಂಡರು. ಆಚೆಯವರು ತಂತಿಯೊಳಗಿಂದ ಗಂಡು ಹೂ ಕೊಡುವರು, ಈಚೆಯವರು ಮುಟ್ಟಿಸಿ ನೂಲು ಕಟ್ಟುವರು. ಕಾಯಿ ಎರಡೂ ಶಾಲೆಯ ತಾಟಿಗೆ ಬಂತು. ಬಾಯಿಯವರು ಬಹಳ ದಿನ ನನ್ನ ಜೊತೆ ಕೆಲಸದ ಮಾತಷ್ಟೇ ಆಡಿದರು. ಅದು ಅವರ ಹಕ್ಕು. ಸಾಹೇಬರು ಬಂದಾಗ ಮಾತ್ರ ತಮ್ಮ ಹೆಡ್ ಸರ್ ಎದುರಿಗೆ ಗಂಡು ಬಳ್ಳಿಯ ಪಾಠವನ್ನು ಚೆನ್ನಾಗಿ ಹೇಳಿದರು, ನನಗಿಂತ ಚೆನ್ನಾಗಿ. ಅದಕ್ಕೂ ನನಗೆ ಉರಿಯಿತು.

ಚಳಿ ಬಿದ್ದು ಬಳ್ಳಿ ಒಣಗಿದ ಮೇಲೆ ಗಡ್ಡೆಗಳನ್ನು ತೆಗೆದು ಮೂರು ಪಾಲು ಮಾಡಿದೆವು. ಪ್ರತಿ ಪಾಲಿನಲ್ಲೂ ಗಂಡು, ಹೆಣ್ಣು ಎರಡೂ ಇದ್ದವು. ಒಂದು ಪಾಲು ನನಗೆ, ಒಂದು ಬಾಯಿಯವರಿಗೆ. ಮೂರನೆಯದು ಗುಡ್ಡದ ಪಾಲು. ಗುಡ್ಡದಲ್ಲಿ ಆಳೆತ್ತರ ಕಬ್ಬು ನಿಂತಿತ್ತು. ಎಲ್ಲಿ ಹಚ್ಚುವುದೆಂದು ನಾವು ಯೋಚಿಸುತ್ತಿದ್ದರೆ ಆಯಿ ಆಗಲೇ ಜಾಗ ನೋಡಿ ಬಂದಿದ್ದಳು, ಸುಡುಗಾಡಿನ ಬೇಲಿಯ ಕಂಟಿ.

"ಅಲ್ಲಿ ಯಾರೂ ಕಬ್ಬು ಹಚ್ಚೂದಿಲ್ಲ" ಎಂದಳು. "ಹೆಂಗೂ ನಾನೂ ಅಲ್ಲೇ ಬರಾಕಿ. ನೋಡಕೋತೇನಿ."

ಮಕ್ಕಳು ನಕ್ಕರು, ಅವಳೂ ನಕ್ಕಳು. ಭಂಡಾರದ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು, ಗುಡ್ಡದ ಪಾಲಿನ ಬುಟ್ಟಿಯನ್ನು ಎತ್ತಿ ಬಾಯಿಯವರ ತಲೆಯ ಮೇಲಿಟ್ಟಳು. ನನ್ನ ಕೈಗೆ ಸಲಿಕೆ ಕೊಟ್ಟಳು. ನಾನು ಸಲಿಕೆ ಹಿಡಿದು ಅವರಿಬ್ಬರ ಹಿಂದೆ ಸುಡುಗಾಡಿನ ದಾರಿ ಹಿಡಿದೆ. ಕುಣಿಯನ್ನು ನಾನೇ ತೋಡಿದೆ, ಚೆನ್ನಾಗಿಯೇ ತೋಡಿದೆ. ಆದರೂ ಆ ಬುಟ್ಟಿ ನನ್ನ ತಲೆಯ ಮೇಲಿರಬೇಕಿತ್ತು.